ತಿಪ್ಪೆಗೆ ಉಡಿ ತುಂಬಿದ್ದು

ಸಂಸ್ಥಾನವಿದ್ದ ಕಾಲ. ಹುನ್ನೂರಿನಲ್ಲಿ ನಮ್ಮ ಹಿತ್ತಲ ಬಾಗಿಲಿಗೆ ಹತ್ತಿಕೊಂಡೇ ತಿಪ್ಪೆ ಇತ್ತು. ನಮ್ಮದಷ್ಟೇ ಅಲ್ಲ, ಓಣಿಯವರೆಲ್ಲರದೂ ಹಾಗೇ. ನನ್ನ ಚೊಚ್ಚಲ ಮಗಳ ತೊಟ್ಟಿಲು ಕಟ್ಟಿದ್ದು ಅದೇ ಬಾಗಿಲ ಒಳಮಗ್ಗುಲಿಗೆ. ಬೇರೆ ಜಾಗ ಎಲ್ಲಿತ್ತು? ಕೂಸಿನ ಕಣ್ಣಲ್ಲಿ ಗೀಜು ತುಂಬಿ ರೆಪ್ಪೆ ಅಂಟುತ್ತಿದ್ದವು. ಅಡಿಗೆ ಬಿಟ್ಟು ನೊಣ ಹೊಡೆಯುತ್ತ ಕೂರುತ್ತಿದ್ದೆ.

ಅಂಥದರಲ್ಲಿ ಜಮಖಂಡಿಯಿಂದ ಹುಕುಮು ಬಂತು. ತಿಪ್ಪೆಗಳು ಊರೊಳಗೆ ಇರಬಾರದು, ಹಳ್ಳದ ಆಚೆ ಕಲ್ಲು ನೆಟ್ಟು ಮನೆಗೊಂದು ಜಾಗ ಕೊಡುತ್ತಾರೆ, ಒಯ್ಯದಿದ್ದವರಿಗೆ ದಂಡ. ವಾಲಿಕಾರ ಡಂಗುರ ಸಾರಿ ಹೋದ. ಚಾವಡಿಯಲ್ಲಿ ಗಂಡಸರೆಲ್ಲ ಆಗಲೆಂದು ಗೋಣು ಹಾಕಿದರು. ಸಗಣಿ ಬುಟ್ಟಿ ಹೊರುವವರು ಅವರಲ್ಲವಲ್ಲ. ನಾನು ಮಾತ್ರ ಒಳಗೊಳಗೇ ಖುಷಿಪಟ್ಟೆ.

ನಮ್ಮತ್ತೆ ಕೆರಳಿದಳು.

"ತಿಪ್ಯಾಗ ಲಕ್ಷ್ಮಿ ಇರ್ತಾಳ. ದೀಪಾವಳಿಗಿ ದೀಪಾ ಇಟ್ಟು ಪೂಜಿ ಮಾಡೂದು ಯಾರಿಗಿ? ಆಕೀನ್ನ ಊರ ಹೊರಗ ಹಾಕಂತಾರೇನು? ಮೊದ್ಲ ತಮ್ಮವ್ವನ್ನ ಹಾಕ್ಲಿ!"

ಗೌಡರೇ ಮನೆಗೆ ಬಂದರು.

"ಅತ್ತಿ, ನಾ ಏನ್ ಮಾಡ್ಲಿ? ಸರಕಾರದ ಮಾತೈತಿ."

"ನಿನ್ನ ತಿಪ್ಪಿ ಎಲ್ಲೈತೋ ಗೌಡಾ?"

ಗೌಡರು ಕೆಮ್ಮಿದರು. ಅವರದು ವಾಡೆಯ ಹಿಂದೆಯೇ ಇತ್ತು. ಚಿಕ್ಕಂದಿನಲ್ಲಿ ತಮ್ಮನ್ನು ಸೊಂಟದ ಮೇಲೆ ಎತ್ತಿ ಆಡಿಸಿದವಳಿಗೆ ದಂಡ ಹಾಕಲಾದೀತೇ? ಎದ್ದು ಹೋದರು.

ಆವತ್ತು ಕೂಸು ಕಣ್ಣು ತೆರೆಯಲಾರದೆ ಬಹಳ ಅತ್ತಿತು. ಅತ್ತೆ ರೊಟ್ಟಿ ತಟ್ಟುತ್ತಿದ್ದಾಗ ಧೈರ್ಯ ಮಾಡಿದೆ.

"ಅತ್ತಿ, ಮಗಳನ್ನ ಗಂಡನ ಮನಿಗಿ ಕಳಸೂದಿಲ್ಲೇನ್ರಿ? ಕಳಿಸಿದ್ರ ಹೊರಗ ಹಾಕಿದಂಗ ಆಕ್ಕೈತೇನ್ರಿ? ತಿಪ್ಪಿಗೂ ಉಡಿ ತುಂಬಿ ಕಳಸೂಣು."

ನನಗೆ ಅದರಲ್ಲಿ ಭಕ್ತಿ ಇರಲಿಲ್ಲ, ನೊಣ ಹೋದರೆ ಸಾಕಿತ್ತು. ಅತ್ತೆ ರೊಟ್ಟಿ ಮಗುಚಿ ಹಾಕಿದಳು. ಆಮೇಲೆ, "ಶುಕ್ರವಾರ ಬ್ಯಾಡ" ಅಂದಳು. "ಸೋಮಾರ ಕಳಸೂಣು."

ಸೋಮವಾರ ತಿಪ್ಪೆಯ ಮೇಲೆ ಖಣ ಹಾಸಿ, ಅಕ್ಕಿ, ಅರಿಷಿಣಕೊಂಬು, ತೆಂಗಿನಕಾಯಿ ಇಟ್ಟು ಅತ್ತೆ ಉಡಿ ತುಂಬಿದಳು. ಕಣ್ಣಿಗೆ ಸೆರಗೂ ಒತ್ತಿಕೊಂಡಳು. ತೆಂಗಿನಕಾಯಿ ತಿರುಗಿ ಅಡಿಗೆಮನೆಗೆ ಬಂತು. ಖಣದಲ್ಲಿ ನನಗೊಂದು ಕುಪ್ಪಸವಾಯಿತು. ನನ್ನ ಗಂಡ ನಗು ತಡೆದುಕೊಂಡು ಚಕ್ಕಡಿ ಹೇರಿದ. ಓಣಿಯ ಹೆಂಗಸರು ನಿಂತು ನೋಡಿದರು, ಮಾರನೇ ದಿನದಿಂದ ತಾವೂ ಹಾಗೇ ಮಾಡತೊಡಗಿದರು. ಗೌಡರ ಹೆಂಡತಿಯಂತೂ ವಾಲಗ ಊದಿಸಿಯೇ ಕಳಿಸಿದಳು.

ನೊಣ ಒಮ್ಮೆಲೇ ಹೋಗಲಿಲ್ಲ. ಆದರೆ ಕಡಿಮೆಯಾದವು, ಕೂಸಿನ ಕಣ್ಣು ಮೆಲ್ಲಗೆ ತಿಳಿಯಾದವು. ಮುಂಜಾನೆ ಸಗಣಿ ಬುಟ್ಟಿಯನ್ನು ಅತ್ತೆ ನನ್ನ ಕೈಗೆ ಕೊಡುತ್ತಲೇ ಇರಲಿಲ್ಲ, ತಾನೇ ಹೊತ್ತು ಹಳ್ಳ ದಾಟುತ್ತಿದ್ದಳು. ಅಲ್ಲಿ ಓಣಿಯ ಮುದುಕಿಯರೆಲ್ಲ ಗಡಿಕಲ್ಲುಗಳ ಮೇಲೆ ಕೂತು ಊರ ಸುದ್ದಿ ಆಡುತ್ತಿದ್ದರು. ಬಿಸಿಲೇರಿದ ಮೇಲೆಯೇ ಮನೆ ಕಡೆ ನೆನಪು. ಅಷ್ಟು ಹೊತ್ತು ಮನೆಯಲ್ಲಿ ನಾನೇ ಯಜಮಾನಿ. ಬಯ್ಯುವವರಿಲ್ಲದೆ ಅಡಿಗೆ ಮಾಡಿ, ಕೂಸಿಗೆ ಎರೆದು ಮಲಗಿಸುತ್ತಿದ್ದೆ.

ಖಾಲಿ ಬುಟ್ಟಿ ಹಿಡಿದು ಬಂದವಳನ್ನು ಕೇಳುತ್ತಿದ್ದೆ.

"ಹೆಂಗದಾಳ್ರಿ ಅತ್ತಿ, ಗಂಡನ ಮನ್ಯಾಗ ಮಗಳು?"

"ಛಲೋ ಅದಾಳ. ಗೌಡರ ಮಗಳಿಗಿಂತ ದಪ್ಪ ಆಗ್ಯಾಳ."