ಹರಿದ ಸ್ಪೀಕರು

ಟೇಪಿನಲ್ಲಿ ಆ ಸೀಟಿ ಸ್ಪಷ್ಟವಾಗಿ ಕೇಳುತ್ತದೆ. ಗಿಟಾರಿನ ಸದ್ದಿನ ಹಿಂದೆ, ದೂರದಿಂದ, ಯಾರೋ ಉಸಿರು ಬಿಗಿಹಿಡಿದು ಊದಿದ ಹಾಗೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ, ಇನ್ನೂ ಉದ್ದಕ್ಕೆ. ಅವತ್ತು ಕುರುಗೋಡಿನ ಬಂಡೆಗಳ ನಡುವೆ ಇದ್ದ ನಮ್ಮ ನಾಲ್ವರಲ್ಲಿ ಒಬ್ಬರಿಗೂ ಅದು ಕೇಳಿಸಲಿಲ್ಲ. ನನ್ನ ಕೈಯಲ್ಲಿದ್ದ ಟೇಪ್ ರೆಕಾರ್ಡರಿಗೆ ಕೇಳಿಸಿತ್ತು.

ಈಗಲೂ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ನನ್ನ ಹೆಗಲು ತಾನಾಗಿ ಕಿವಿಯವರೆಗೆ ಏರುತ್ತದೆ. ಮನೆಯವರು ನಗುತ್ತಾರೆ. "ಆ ಟೇಪು ಒಗದ್ ಬಿಡು, ಅರ್ಧ ಹೆದ್ರಿಕಿ ಹೋಗ್ತೈತಿ" ಅನ್ನುತ್ತಾರೆ. ಒಗೆಯುವುದಿಲ್ಲ. ಹೆದರಿಕೆಯೂ ನನ್ನದು, ಟೇಪೂ ನನ್ನದು. ಎರಡನ್ನೂ ಇಟ್ಟುಕೊಂಡೇ ಇಷ್ಟು ವರ್ಷ ಬದುಕಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನನ್ನ ಅಣ್ಣ ಊರಿನ ದೊಡ್ಡ ಆರ್ಕೆಸ್ಟ್ರಾದ ಗಿಟಾರಿಸ್ಟ್. ಆದೋನಿಯಿಂದ ಹೊಸಪೇಟೆಯವರೆಗೆ ಮದುವೆ, ಗಣಪತಿ ಪೆಂಡಾಲು ಅಂದರೆ ಜನಕ್ಕೆ ಅವರೇ ಬೇಕು. ನೀಲಿ ಕೋಟು, ಮಿಂಚುವ ಕಾಲರು. ಅವರ ರಾಕ್ ಅಂಡ್ ರೋಲ್ ಐಟಂ ಶುರುವಾದರೆ ಹಿಂದಿನ ಸಾಲಿನವರು ಕುರ್ಚಿ ಹತ್ತಿ ನಿಲ್ಲುತ್ತಿದ್ದರು. ಪಾರ್ವತಿನಗರದ ನಮ್ಮ ಮನೆಯಿಂದ ಅಣ್ಣ ಹೊರಬಿದ್ದರೆ ಓಣಿಯ ಕಿಟಕಿಗಳಲ್ಲಿ ಪರದೆ ಅಲ್ಲಾಡುತ್ತಿದ್ದವು.

ಆರ್ಕೆಸ್ಟ್ರಾದಲ್ಲಿ ಚೀಟಿಯ ಪದ್ಧತಿ ಇತ್ತು. ಸಭಿಕರು ತಮಗೆ ಬೇಕಾದ ಸಿನಿಮಾ ಹಾಡನ್ನು ಚೀಟಿಯಲ್ಲಿ ಬರೆದು ಸ್ಟೇಜಿಗೆ ಕಳಿಸುವುದು, ಇವರು ಅದನ್ನು ನುಡಿಸುವುದು. ಅಣ್ಣನಿಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

"ನಾವೇನು ಹೋಟ್ಲು ಇಟ್ಟೀವೇನು? ಎರಡು ಇಡ್ಲಿ, ಒಂದು ವಡಾ ಅಂದಂಗ ಆರ್ಡರ್ ಕೊಡ್ತಾರ" ಅನ್ನುತ್ತಿದ್ದ.

"ಕೇಳ್ತಾರಂದ್ರ ನಿನ್ನ ಕೈರುಚಿ ಹಿಡಿಸೈತಿ ಅಂತ. ಸುಮ್ನ ಬಡಿಸು" ಅನ್ನುತ್ತಿದ್ದಳು ಅವ್ವ, ರೊಟ್ಟಿ ತಟ್ಟುತ್ತಲೇ.

ಬಡಿಸಲು ಮನಸ್ಸಿಲ್ಲದ ಮೂವರು ಶುಕ್ರವಾರ ಸೇರುತ್ತಿದ್ದರು. ಅಣ್ಣ, ಆರ್ಕೆಸ್ಟ್ರಾದ ಡ್ರಮ್ಮರ್, ಮತ್ತು ಬೇಸ್ ಗಿಟಾರ್ ನುಡಿಸುವ, ರಾರಾವಿ ಹಳ್ಳಿಯವನು. ಸಿರುಗುಪ್ಪ ರಸ್ತೆಯಲ್ಲಿದ್ದ ಲಾರಿ ಗ್ಯಾರೇಜು ಡ್ರಮ್ಮರನ ಅಪ್ಪನದು. ನಮಾಜಿನ ದಿನ ಕೆಲಸ ರಜೆ. ಶಟರ್ ಅರ್ಧ ಎಳೆದು, ಬಿಚ್ಚಿಟ್ಟ ಎಂಜಿನುಗಳ ನಡುವೆ ಮೂವರೂ ಬನಿಯನ್ನಿನಲ್ಲಿ ನಿಂತು ತಮಗೆ ಬೇಕಾದ್ದನ್ನು ನುಡಿಸುತ್ತಿದ್ದರು. ಕೋಟಿಲ್ಲ, ಚೀಟಿಯಿಲ್ಲ. ನಾನು ಹಳೆಯ ಟೈರಿನ ಮೇಲೆ ಕೂತು ಕೇಳುತ್ತಿದ್ದೆ.

ಹಂಪಿಗೆ ಬರುವ ಹಿಪ್ಪಿಗಳ ಸಹವಾಸ, ಗಾಂಜಾ ಸೇದಿ ಬಾರಿಸುತ್ತಾರೆ ಎಂದು ಊರು ಮಾತಾಡಿತು. ಶುದ್ಧ ಸುಳ್ಳು. ಅಲ್ಲಿ ಚಹಾ, ಮಿರ್ಚಿ, ಡೀಸೆಲ್ ವಾಸನೆ ಬಿಟ್ಟರೆ ಬೇರೆ ನಶೆ ಇರಲಿಲ್ಲ. ಅವರು ಕಲಿತದ್ದು ಶಾರ್ಟ್‌ವೇವ್ ರೇಡಿಯೋದಿಂದ. ದೂರದ ಸ್ಟೇಷನ್ನಿನ ಹಾಡು ಅಲೆಯಾಗಿ ಬರುತ್ತದೆ, ಉಬ್ಬುತ್ತದೆ, ಮುಳುಗುತ್ತದೆ, ನಡುವೆ ಗೊರಗೊರ ಅನ್ನುತ್ತದೆ. ಆ ಉಬ್ಬು, ಮುಳುಗು, ಗೊರಗೊರ ಎಲ್ಲವೂ ಹಾಡಿನದ್ದೇ ಎಂದು ಮೂವರೂ ನಂಬಿ, ಅದನ್ನೂ ಸೇರಿಸಿಯೇ ಕಲಿತಿದ್ದರು. ಅದು ರೇಡಿಯೋ ಅಲೆಗಳು ಆಕಾಶದಲ್ಲಿ ಏರುಪೇರಾಗುವುದರಿಂದ ಬರುವ ಸದ್ದು, ಹಾಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಕಾಲೇಜಿನಲ್ಲಿ ಓದಿ ಬಂದು ಹೇಳಿದೆ.

ರಾರಾವಿಯವನು ಒಂದು ಕ್ಷಣ ಯೋಚಿಸಿ, "ಇರ್ಲಿ ಬಿಡವ್ವಾ. ಆಕಾಶ ಬಾರ್ಸಿದ್ದನ್ನ ನಾವೂ ಬಾರಿಸ್ತೀವಿ" ಅಂದ.

ಬಾರಿಸಿದರು. ಡಾಂಬರು ಕರಗಿತು, ನನ್ನ ನೆರಳು ಅಂಟಿತು ಎಂಬ ಒಂದೇ ಸಾಲನ್ನು ಅಣ್ಣ ಅರ್ಧ ಮಧ್ಯಾಹ್ನ ಹಾಡುತ್ತಿದ್ದ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಆ ಹಾಡು ಅರ್ಥವಾಗುತ್ತದೆ. ಆದರೆ ರೇಡಿಯೋದ ಆ ಗೊರಗೊರ ಮಾತ್ರ ಅಣ್ಣನ ಗಿಟಾರಿಗೆ ಒಲಿಯಲಿಲ್ಲ. ಎಷ್ಟು ತಿರುವಿದರೂ ಸದ್ದು ನಯವಾಗಿಯೇ ಬರುತ್ತಿತ್ತು. "ಇದು ಇಸ್ತ್ರಿ ಮಾಡಿದ ಸಪ್ಪಳ" ಎಂದು ಬೈದುಕೊಳ್ಳುತ್ತಿದ್ದ.

ಒಂದು ಸಲ ಜನರ ಮುಂದೆ ನುಡಿಸಬೇಕು ಎಂಬುದೊಂದೇ ಅವನ ಹಟ. ಗಣಪತಿ ಹಬ್ಬಕ್ಕೆ ಸಿರುಗುಪ್ಪದಲ್ಲಿ ಆರ್ಕೆಸ್ಟ್ರಾದ ಕಾರ್ಯಕ್ರಮ ನಿಗದಿಯಾಗಿತ್ತು. ಅಣ್ಣ ಆರ್ಕೆಸ್ಟ್ರಾದ ಯಜಮಾನರ ಬಳಿ ಹೋದ. ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಿದ್ದರು.

"ಇಂಟ್ರವಲ್ಲಿನಾಗ ಅರ್ಧ ತಾಸು ನಮಗ ಕೊಡ್ರಿ ಮಾಸ್ತರ್. ನಮ್ಮ ಹಾಡು ಬಾರಿಸ್ತೀವಿ. ಅಷ್ಟೇ."

"ಆ ಗ್ಯಾರೇಜ್ ಗದ್ಲಾನ ನನ್ನ ಸ್ಟೇಜಿನ ಮ್ಯಾಲೇನು?" ಮಾಸ್ತರ್ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಟೇಪ್ ಮಾಡ್ಕೊಂಡ್ ಬಾ, ಕೇಳ್ತೀನಿ. ಹಿಡಿಸಿದ್ರ ಅರ್ಧ ತಾಸು ನಿಂದು. ಹಿಡಿಸ್ಲಿಲ್ಲ ಅಂದ್ರ ಗ್ಯಾರೇಜು ಬಿಡಬೇಕು, ಇಲ್ಲಾ ನನ್ನ ಕೋಟು ಬಿಚ್ಚಿಡಬೇಕು."

ಗ್ಯಾರೇಜಿನಲ್ಲಿ ಟೇಪ್ ಮಾಡಿದರೆ ಬರೀ ತಗಡಿನ ಮಾಡು ಅದುರುವುದೇ ಕೇಳುತ್ತಿತ್ತು. ಆರ್ಕೆಸ್ಟ್ರಾದ ಎಕೋ ಮಷೀನನ್ನು ಮಾಸ್ತರ್ ಬೀಗ ಹಾಕಿ ಇಡುತ್ತಿದ್ದರು. ಆಗ ಡ್ರಮ್ಮರ್ ಕುರುಗೋಡಿನ ಮಾತು ತೆಗೆದ.

"ಅರೇ, ಕೆಟ್ಟ ಲಾರಿ ತರಾಕ ಹೋಗಿದ್ದೆ. ಗುಡ್ಡದ ಕಲ್ಲಿನ ನಡುವ ನಿಂತು ಕ್ಲೀನರನ್ನ ಬೈದೆ. ಗುಡ್ಡ ತಿರುಗಿ ನನ್ನನ್ನೇ ಬೈತು ನೋಡು! ಅಂಥಾ ಎಕೋ ಯಾವ ಮಷೀನಿನಾಗೂ ಇಲ್ಲ."

ನನ್ನನ್ನು ಕಳಿಸಲು ಅವ್ವ ಒಂದು ಷರತ್ತು ಹಾಕಿದಳು. ಕುರುಗೋಡಿನ ದೊಡ್ಡ ಬಸವಣ್ಣನಿಗೆ ಎಣ್ಣೆ ಒಪ್ಪಿಸಬೇಕು. "ಗದ್ಲ ಆಮ್ಯಾಲೆ, ದೇವ್ರು ಮೊದ್ಲು" ಎಂದು ಎಣ್ಣೆಯ ಬಾಟಲಿ ಕೈಗಿಟ್ಟಳು. ಒಪ್ಪಿಸಿದೆವು. ಆಮೇಲೆ ಗ್ಯಾರೇಜಿನ ಮೆಟಡೋರ್ ವ್ಯಾನನ್ನು ಗುಡ್ಡದ ಬುಡಕ್ಕೆ ಒಯ್ದೆವು. ಅಲ್ಲಿ ಕರೆಂಟಿಲ್ಲ. ರೇಡಿಯೋ ರಿಪೇರಿ ಬಲ್ಲ ರಾರಾವಿಯವನು ಲಾರಿ ಬ್ಯಾಟರಿಯಿಂದ ನಡೆಯುವ ಆಂಪ್ಲಿಫಯರೊಂದನ್ನು ತಾನೇ ಕಟ್ಟಿದ್ದ. ಎರಡೂ ಗಿಟಾರು ಅದಕ್ಕೇ, ಸ್ಪೀಕರಿನ ಪೆಟ್ಟಿಗೆಯೂ ಒಂದೇ.

ಗುಡ್ಡದ ಮೇಲೆ ಕಲ್ಲಿನ ಕ್ವಾರಿ ಇದ್ದದ್ದು ನಮಗೆ ಗೊತ್ತಿತ್ತು. ಆದರೆ ಅವತ್ತು ನಡು ಮಧ್ಯಾಹ್ನ ಒಂದು ಸುತ್ತಿಗೆಯ ಸದ್ದೂ ಇರಲಿಲ್ಲ. "ರಜಾ ಕಾಣ್ತದ" ಅಂದ ಡ್ರಮ್ಮರ್. ಮದ್ದು ತುಂಬಿ ಕಲ್ಲು ಸಿಡಿಸುವುದೇ ಆಳುಗಳೆಲ್ಲ ಊಟಕ್ಕೆ ದೂರ ಹೋದ ಮೇಲೆ ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ನಿಶ್ಶಬ್ದ ನೋಡಿ ಖುಷಿಪಟ್ಟೆವು.

ನಾನು ಟೇಪಿನ ಗುಂಡಿ ಒತ್ತಿದೆ. ಗುಡ್ಡ ನಿಜಕ್ಕೂ ಹಾಡಿತು. ಅಣ್ಣ ಒಂದು ಸ್ವರ ಮೀಟಿದರೆ ಅದು ಕಲ್ಲಿನಿಂದ ಕಲ್ಲಿಗೆ ಬಡಿದು, ಬೇರೆ ಬಣ್ಣ ಹಚ್ಚಿಕೊಂಡು ವಾಪಸ್ಸು ಬರುತ್ತಿತ್ತು. ನನ್ನ ಮೈಮೇಲೆ ಮುಳ್ಳೆದ್ದಿದ್ದವು. ಆಗ ಎದುರು ಇಳಿಜಾರಿನ ಮೇಕೆಗಳೆಲ್ಲ ಒಟ್ಟಿಗೆ ತಲೆ ಎತ್ತಿ ಓಡಿದವು. ಯಾಕೆ ಎಂದುಕೊಳ್ಳುವಷ್ಟರಲ್ಲಿ ಕಾಲ ಕೆಳಗಿನ ಬಂಡೆ ಒಳಗಿನಿಂದ ಗುದ್ದಿತು.

ನನಗೆ ಮೊದಲು ಸದ್ದು ಕೇಳಿಸಲಿಲ್ಲ, ಕಾಣಿಸಿತು. ಆಕಾಶದ ಒಂದು ತುಂಡು ಬೂದಿ ಬಣ್ಣಕ್ಕೆ ತಿರುಗಿ, ಅದರೊಳಗಿಂದ ಕಲ್ಲುಗಳು ನಿಧಾನವಾಗಿ ಮೇಲೇರಿದವು, ಆಮೇಲೆ ಜೋರಾಗಿ ಇಳಿದವು. ಅಣ್ಣನಿಗೂ ನನಗೂ ನಡುವೆ ಗಾಳಿ ಸೀಳಿದಂತಾಯಿತು. ಅಂಗೈಯಗಲದ ಚಕ್ಕೆಯೊಂದು ಸ್ಪೀಕರಿನ ಎದೆಗೆ ಬಡಿದು ಅದರ ಕಾಗದವನ್ನು ಹರಿದುಹಾಕಿತು. ಆ ಚಕ್ಕೆ ಹಾದುಹೋದ ಜಾಗದಲ್ಲಿ ಸ್ವಲ್ಪ ಮುಂಚೆ ನನ್ನ ತಲೆ ಇತ್ತು. ಗಾಳಿಯ ಸದ್ದು ಟೇಪಿಗೆ ಬೀಳದಿರಲಿ ಎಂದು ಅದೇ ಆಗ ಪಕ್ಕಕ್ಕೆ ಸರಿದಿದ್ದೆ.

"ಅಲ್ಲೇ ಬೀಳ್ರಿ! ಏಳಬ್ಯಾಡ್ರಿ! ಇನ್ನೊಂದು ಐತೀ!" ಮೇಲಿನಿಂದ ಯಾರೋ ಕಿರುಚಿದರು. ಕ್ವಾರಿಯ ಮೇಸ್ತ್ರಿ.

ಚಾಚಿಕೊಂಡಿದ್ದ ಬಂಡೆಯೊಂದರ ಅಡಿಗೆ ನಾಲ್ವರೂ ತೂರಿಕೊಂಡೆವು. ಎರಡನೆಯದು ಕೂಡಲೇ ಸಿಡಿಯಲಿಲ್ಲ. ಕಾದೆವು. ಆ ಕಾಯುವುದನ್ನೇ ನಾನು ಇನ್ನೂ ಮುಗಿಸಿಲ್ಲ. ಬಾಯಲ್ಲಿ ಮಣ್ಣು, ಮೂಗಿನಲ್ಲಿ ಮದ್ದಿನ ಘಾಟು, ನನ್ನ ಮೊಣಕೈಗೆ ಡ್ರಮ್ಮರನ ಎದೆಬಡಿತ ತಾಗುತ್ತಿತ್ತು. ಗಿಟಾರು ಅಣ್ಣನ ಕೊರಳಲ್ಲೇ ಇತ್ತು, ವೈರು ಇನ್ನೂ ಆಂಪ್ಲಿಫಯರಿಗೆ ಅಂಟಿಕೊಂಡಿತ್ತು. ಅವನು ಮೈ ಸರಿಸಿದಾಗ ಕೈ ಒಂದು ತಂತಿಗೆ ತಗುಲಿತು.

ಧೂಳಿನೊಳಗಿಂದ ಹರಿದ ಸ್ಪೀಕರು ಗೊರ್‍ರ್ ಎಂದು ಗುರುಗುಟ್ಟಿತು.

ಅದೇ ಸದ್ದು. ಶಾರ್ಟ್‌ವೇವಿನ ಗೊರಗೊರ. ಅಣ್ಣ ಸ್ಪೀಕರಿನತ್ತ ತಿರುಗಿದ. ಈ ಸಲ ಬೇಕೆಂದೇ ಮತ್ತೊಮ್ಮೆ ಮೀಟಿದ.

"ಲೇ! ಸಾಯೋ ಹೊತ್ತಿನಾಗೂ ಬಾರಿಸ್ತೀಯೇನ್ಲೇ?" ಡ್ರಮ್ಮರ್ ಅಳುವ ದನಿಯಲ್ಲಿ ಬೈದ.

"ಕೇಳಿಸ್ತೇನು?" ಅಂದ ಅಣ್ಣ.

ಆಗ ಎರಡನೆಯದು ಸಿಡಿಯಿತು.

ಧೂಳು ಇಳಿದ ಮೇಲೆ ಮೇಸ್ತ್ರಿ ಓಡಿ ಬಂದರು, ಕೈಯಲ್ಲಿ ಕೆಂಪು ಬಟ್ಟೆ, ಕೊರಳಲ್ಲಿ ಸೀಟಿ. "ಕಿವಿಯಾಗ ಹತ್ತಿ ತುರುಕ್ಕೊಂಡೀರೇನ್ರಿ? ಊದಿ ಊದಿ ನನ್ನ ಎದಿ ಒಡೀತು! ಹೆಣ್ಮಗಳನ್ನ ಬ್ಯಾರೆ ಕರ್ಕೊಂಡು ಬಂದೀರಿ!" ಆಮೇಲೆ ಗಿಟಾರಿನತ್ತ ನೋಡಿ, "ಅಂದ್ರ ಆ ಸಪ್ಪಳ ನಿಮ್ದೇನು? ಆ ಕಡಿ ಕ್ವಾರಿ ಮಷೀನು ಅಂತ ತಿಳ್ಕೊಂಡು ಬತ್ತಿ ಹಚ್ಚಿಬಿಟ್ಟೆನಲ್ರೀ" ಎಂದು ಅಲ್ಲೇ ಕುಸಿದು ಕೂತರು. ಅವರಿಗೂ ನೀರು ಕುಡಿಸಬೇಕಾಯಿತು.

ಟೇಪು ತಿರುಗುತ್ತಲೇ ಇತ್ತು. ಅದನ್ನೇ ಮಾಸ್ತರ್ ಮುಂದೆ ಇಟ್ಟೆವು. ರೆಕಾರ್ಡರು ನನ್ನದಾದ್ದರಿಂದ ನಾನೂ ಹೋಗಿದ್ದೆ. ಆ ಸೀಟಿಯನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿ. ಮಾಸ್ತರ್ ನೆಟ್ಟಗೆ ಕೂತರು. ಸಿಡಿತ, ಕಿರುಚಾಟ, ಮೌನ, ಆಮೇಲೆ ಆ ಗುರುಗುಟ್ಟುವಿಕೆ. ಅವರೇ ಕೈಚಾಚಿ ಟೇಪ್ ನಿಲ್ಲಿಸಿದರು.

"ಸಾಯ್ತಿದ್ರಲ್ಲೋ, ಹುಚ್ಚಪ್ಪಗಳಿರಾ." ಟೇಪನ್ನು ನನ್ನತ್ತ ತಳ್ಳಿದರು. "ಅರ್ಧ ತಾಸು ಇಲ್ಲ. ಆ ಸ್ಪೀಕರ್ ರಿಪೇರಿ ಮಾಡಿಸ್ರಿ, ಇದನ್ನ ಮರ್ತುಬಿಡ್ರಿ."

"ರಿಪೇರಿ ಮಾಡ್ಸಂಗಿಲ್ಲ ಮಾಸ್ತರ್" ಅಂದ ಅಣ್ಣ. "ಅದು ಈಗ ಸರಿ ಆಗೈತಿ."

ಹರಿದ ಸ್ಪೀಕರನ್ನು ಯಾರಾದರೂ ಸರಿ ಅನ್ನುತ್ತಾರೆಯೇ ಎಂದು ಊರೆಲ್ಲ ನಕ್ಕಿತು. ಜೀವ ಉಳಿದದ್ದೇ ಹೆಚ್ಚು, ಇನ್ನಾದರೂ ಬುದ್ಧಿ ಬರಲಿ ಎಂದರು ಬಂಧುಗಳು. ಜೀವ ಉಳಿಯುವುದೇ ಚೀಟಿಯ ಹಾಡು ನುಡಿಸುವುದಕ್ಕಾದರೆ ಅದು ಯಾವ ಉಳಿಯುವಿಕೆ? ಆಗ ನನಗೆ ಹೀಗೆ ಉತ್ತರ ಕೊಡಲು ಬರಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಈಗ ಕೊಡುತ್ತಿದ್ದೇನೆ.

ಸಿರುಗುಪ್ಪಕ್ಕೆ ಬರುವುದಿಲ್ಲ ಎಂದಿದ್ದೆ. ಹೋದೆ. ಅಕ್ಕಿ ಗಿರಣಿಯ ಅಂಗಳದಲ್ಲಿ ಪೆಂಡಾಲು. ಸಂಜೆ ಮೂವರೂ ಕೋಟು ತೊಟ್ಟು, ಕೇಳಿದ ಹಾಡನ್ನೆಲ್ಲ ಒಂದೂ ತಪ್ಪಿಲ್ಲದೆ ನುಡಿಸಿದರು. ಇಂಟ್ರವಲ್ ಆಯಿತು. ಮಾಸ್ತರ್ ಚಹಾಕ್ಕೆ ಹೋದರು. ಮೂವರು ಕೋಟು ಬಿಚ್ಚಿ, ಮಡಚಿ, ಮಾಸ್ತರ್ ಕುರ್ಚಿಯ ಮೇಲೆ ಒಂದರ ಮೇಲೊಂದು ಇಟ್ಟರು. ಮೆಟಡೋರಿನಿಂದ ಹರಿದ ಸ್ಪೀಕರು ಸ್ಟೇಜಿಗೆ ಬಂತು, ಬ್ಯಾಟರಿ ಸ್ಟೇಜಿನ ಪಕ್ಕಕ್ಕೆ.

"ಇಲ್ಲೇ ಕುಂಡ್ರವ್ವಾ" ಎಂದ ರಾರಾವಿಯವನು ನನಗೆ. "ಈ ಕ್ಲಿಪ್ಪು ಸಡ್ಲ ಐತಿ. ಒತ್ತಿ ಹಿಡ್ಕಾ. ಶಾಕ್ ಹೊಡೆಯಂಗಿಲ್ಲ."

ಶುರುವಾಯಿತು. ಚೀಟಿಗಳು ಬಂದವು. ಅಣ್ಣ ಬಿಡಿಸಿ ನೋಡಲಿಲ್ಲ. ಮುಂದಿನ ಸಾಲಿನಿಂದ ಯಾರೋ ಕೂಗಿದರು: "ಏ ತಮ್ಮಾ, ಸ್ಪೀಕರ್ ಹರದೈತಿ!"

"ಹೌದ್ರಿ, ಹರದೈತಿ!" ಎಂದ ಅಣ್ಣ ಮೈಕಿನಲ್ಲಿ. "ಕಲ್ಲು ಬಿದ್ದು ಹರದೈತಿ. ಕೇಳ್ರಿ!"

ಕೆಲವರು ಎದ್ದು ಹೋದರು. ಶೇಂಗಾ ಸಿಪ್ಪೆ ಹಾರಿ ಬಂದವು. ಮಿಕ್ಕವರು ಕೂತರು. ಡಾಂಬರು ಕರಗುವ ಸಾಲು ಬಂದಾಗ ಹಿಂದೆ ಒಬ್ಬರು ಜೋರಾಗಿ ನಕ್ಕು, ಆಮೇಲೆ ಅದನ್ನೇ ಹಾಡತೊಡಗಿದರು. ಮಾಸ್ತರ್ ಓಡುತ್ತ ಬಂದರು. ಕೋಟುಗಳನ್ನು ನೋಡಿದರು. ನೇರವಾಗಿ ಕಂಬದ ಹತ್ತಿರ ಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟರು.

ಪೆಂಡಾಲಿನ ಎಲ್ಲ ದೀಪ ಆರಿದವು. ಮೈಕು ಸತ್ತಿತು. ಗಿಟಾರು ಸಾಯಲಿಲ್ಲ. ಅದಕ್ಕೆ ಮಾಸ್ತರ್ ಕರೆಂಟು ಬೇಕಿರಲಿಲ್ಲ. ಹೊರಗಿನ ಶೇಂಗಾ ಅಂಗಡಿಯ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಡ್ರಮ್ಮರನ ಮೊಣಕೈ ಏರಿಳಿಯುವುದು ಕಾಣುತ್ತಿತ್ತು. ಅಣ್ಣ ಮೈಕಿಲ್ಲದೆ, ಗಂಟಲು ಹರಿಯುವಂತೆ ಹಾಡುತ್ತಿದ್ದ.

ಕತ್ತಲಲ್ಲಿ ಯಾರೋ ಖುಷಿಯಿಂದ ಎರಡು ಬೆರಳಿಟ್ಟು ಸೀಟಿ ಹೊಡೆದರು.

ನನ್ನ ಹೆಗಲು ಕಿವಿಗೇರಿತು. ಕೈ ಚಿಮ್ಮಿತು. ಕ್ಲಿಪ್ಪು ಕಳಚಿತು. ಗಿಟಾರು ಎರಡೂ ಒಮ್ಮೆಲೇ ನಿಂತವು. ಕಂಬದ ಬಳಿಯಿಂದ ಮಾಸ್ತರ್ "ಮುಗೀತಲ್ಲ" ಅಂದದ್ದು ಕೇಳಿಸಿತು. ನಾನು ಮತ್ತೆ ಆ ಬಂಡೆಯ ಅಡಿಯಲ್ಲಿದ್ದೆ, ಎರಡನೆಯದು ಇನ್ನೂ ಸಿಡಿದಿರಲಿಲ್ಲ. ನೆಲ ತಡಕಿದೆ. ತಣ್ಣಗಿನ ಕ್ಲಿಪ್ಪು ಬೆರಳಿಗೆ ಸಿಕ್ಕಿತು. ಬ್ಯಾಟರಿಯ ಮೊಳೆಗೆ ಅದನ್ನಿಟ್ಟು ಎರಡೂ ಕೈಯಿಂದ ಒತ್ತಿದೆ.

ಸ್ಪೀಕರು ಗೊರ್‍ರ್ ಎಂದಿತು. ಪೆಂಡಾಲು ಕೇಕೆ ಹಾಕಿತು. ಈಗ ಸೀಟಿ ಒಂದಲ್ಲ, ನಾಲ್ಕೂ ಕಡೆಯಿಂದ ಬಂದವು. ಪ್ರತಿ ಸೀಟಿಗೂ ನನ್ನ ಮೈ ಬೆಚ್ಚುತ್ತಿತ್ತು. ಕೈ ಮಾತ್ರ ಬಿಡಲಿಲ್ಲ.