ಓರೆಗೆರೆ ಎಳೆದ ಚೌಕಗಳು

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಹೇಳಲಿಲ್ಲ. ಮೊನ್ನೆ ಟ್ರಂಕಿನ ತಳದಲ್ಲಿ ಅಣ್ಣನ ಗ್ರಾಫ್ ಪುಸ್ತಕ ಸಿಕ್ಕಿತು. ಬಿಚ್ಚಿದರೆ ಹೊಗೆಸೊಪ್ಪಿನ ವಾಸನೆ... ಪುಟದ ತುಂಬ ಚೌಕಗಳು, ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಹುಣಸೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಅವನದೊಂದು ಕಂಪ್ಯೂಟರ್ ಅಂಗಡಿಯಿತ್ತು. ಅವನು ವೆಬ್‌ಸೈಟ್ ಮಾಡುತ್ತಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಟೈಪ್ ಮಾಡಿಕೊಡುತ್ತಿದ್ದೆ. ಕೆ.ಆರ್. ನಗರದ ಕಲ್ಯಾಣ ಮಂಟಪವೊಂದರ ಯಜಮಾನರು, ಜನ ಕೂತಲ್ಲೇ ದಿನ ಬುಕ್ ಮಾಡುವಂಥ ಪುಟ ಬೇಕೆಂದರು. ಬಟನ್ನು, ಫಾರಂ ಎಲ್ಲವನ್ನೂ ಅಣ್ಣ ಇಂಟರ್‌ನೆಟ್ಟಿನಲ್ಲಿ ರೆಡಿ ಸಿಕ್ಕಿದ್ದನ್ನೇ ತಂದು ಕೂರಿಸಿದ. ಕ್ಯಾಲೆಂಡರ್ ಮಾತ್ರ ತಾನೇ ಬರೆಯುತ್ತೇನೆಂದು ಹಠ ಹಿಡಿದ.

"ಅದೂ ರೆಡಿ ಸಿಕ್ತದಲ್ಲಣ್ಣ, ಬಿಟ್ಟಿ," ಅಂದೆ.

"ಅದ್ಕೆ ನಮ್ ಕಡೆ ಮದ್ವೆ ಗೊತ್ತಿಲ್ಲ ಕಣವ್ವ. ಭಾನುವಾರ ಮುಹೂರ್ತ ಅಂದ್ರೆ ಶನಿವಾರ ಸಂಜೇನೇ ಬಂದು ಇಳೀತಾರೆ. ಒಂದ್ ಬುಕಿಂಗಿಗೆ ಎಲ್ಡು ಅರ್ಧ ದಿನ ಬೇಕು. ಆ ಕ್ಯಾಲೆಂಡರಿಗೆ ಅರ್ಧ ಅನ್ನೋದೇ ಇಲ್ಲ," ಎಂದು ಗ್ರಾಫ್ ಪುಸ್ತಕದಲ್ಲಿ ದಿನಕ್ಕೊಂದು ಚೌಕ ಬರೆದು, ಓರೆಗೆರೆ ಎಳೆದು ಎರಡು ಮಾಡಿದ.

ಎರಡು ತಿಂಗಳಾಯಿತು. ಅಣ್ಣ ಕೆಲಸದ ಮೇಲೆ ಒಂದು ವಾರ ಎಚ್.ಡಿ. ಕೋಟೆಗೆ ಹೋಗಿದ್ದಾಗ ಯಜಮಾನರು ಫೋನ್ ಮಾಡಿದರು. "ಏನವ್ವ, ನಿಮ್ಮಣ್ಣ ಕ್ಯಾಲೆಂಡರ್ ಬರೀತಾವ್ನೋ, ಒಸ ಯುಗಾನೇ ಉಟ್ಟಿಸ್ತಾವ್ನೋ?" ನನಗೆ ಅವಮಾನವಾಯಿತು. ಅವನು ಮಾಡುವುದನ್ನು ನೋಡಿ ನೋಡಿ ಕಲಿತಿದ್ದೆ. ನಾಲ್ಕು ಸಾಲು ನಕಲು ಹೊಡೆದು ರೆಡಿ ಕ್ಯಾಲೆಂಡರ್ ಕೂರಿಸಿಬಿಟ್ಟೆ. ಎಷ್ಟು ಚಂದ ಕಂಡಿತ್ತು... ಅಣ್ಣ ವಾಪಸು ಬಂದಾಗ, ಯಜಮಾನರೇ ಬೇರೆ ಯಾರ ಕೈಲೋ ಹಾಕಿಸಿಕೊಂಡರು ಎಂದು ಸುಳ್ಳು ಹೇಳಿದೆ. ಅವನು ಪುಸ್ತಕ ಮುಚ್ಚಿಟ್ಟ.

ಲಗ್ನದ ಕಾಲ ಬಂತು. ಊರಲ್ಲೇ ತಾಳಿ ಕಟ್ಟಿಸಿದ್ದ ಮಿರ್ಲೆಯವರು ಒಂದು ಶನಿವಾರ ಸಂಜೆ ಆರತಕ್ಷತೆಗೆಂದು ಮಂಟಪಕ್ಕೆ ಬಂದಿಳಿದರು. ಅದೇ ಹೊತ್ತಿಗೆ ಭಾನುವಾರದ ಮುಹೂರ್ತದವರೂ ವರಪೂಜೆಗೆ ಬಂದಿಳಿದರು. ಕ್ಯಾಲೆಂಡರಿನ ಪ್ರಕಾರ ಅವರದು ಬೇರೆ ದಿನ, ಇವರದು ಬೇರೆ ದಿನ. ಒಂದೇ ಬಾಗಿಲಲ್ಲಿ ಎರಡು ಓಲಗ ನಿಂತವು.

ಸೋಮವಾರ ಯಜಮಾನರು ಅಂಗಡಿಗೇ ಬಂದರು. "ಎಂಥಾ ಕ್ಯಾಲೆಂಡರ್ ಆಕ್ದಯ್ಯಾ ನೀನು? ನಾಕ್ ಜನದ್ ಮುಂದೆ ನನ್ ಮಾನ ಕಳೆದ್ಯಲ್ಲ!"

ಅಣ್ಣ ಒಮ್ಮೆ ನನ್ನ ಕಡೆ ನೋಡಿದ. ನಾನು ಕೀಬೋರ್ಡಿನ ಧೂಳು ಒರೆಸುತ್ತಿದ್ದೆ.

"ನಂದೇ ತಪ್ಪು ಕಣ್ರೀ," ಅಂದ.

ಸುದ್ದಿ ಪಿರಿಯಾಪಟ್ಟಣದವರೆಗೂ ಹೋಯಿತು. ಆಮೇಲೆ ಯಾರೂ ಕೆಲಸ ಕೊಡಲಿಲ್ಲ. ಅಂಗಡಿ ಮುಚ್ಚಿ ಹೊಗೆಸೊಪ್ಪಿನ ಗೋದಾಮು ಸೇರಿದ. ಹೋದ ವರ್ಷ ತೀರಿಕೊಳ್ಳುವವರೆಗೂ ಅದರ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಆಗುತ್ತಿತ್ತು... ಗೋದಾಮಿಗೂ ಆ ಪುಸ್ತಕ ಒಯ್ಯುತ್ತಿದ್ದನೆಂದು ಅದರ ವಾಸನೆಯಿಂದ ಈಗ ತಿಳಿಯಿತು. ಚೌಕಗಳ ಹಿಂದಿನ ಪುಟಗಳಲ್ಲಿ ಕ್ಯಾಲೆಂಡರಿನ ಕೋಡನ್ನು ಕೊನೆಯ ಸಾಲಿನವರೆಗೆ ಬರೆದು ಮುಗಿಸಿದ್ದಾನೆ.

ನಿನ್ನೆ ಪುಸ್ತಕ ಹಿಡಿದು ಯಜಮಾನರ ಮನೆಗೆ ಹೋದೆ. "ಅವತ್ತು ಆ ಕ್ಯಾಲೆಂಡರ್ ಆಕಿದ್ದು ನಮ್ಮಣ್ಣ ಅಲ್ಲ ಕಣ್ರೀ, ನಾನು," ಅಂದೆ.

"ಯಾವ ಕ್ಯಾಲೆಂಡರವ್ವ?" ಅಂದರು. ಅವರಿಗೆ ಮರೆತೇ ಹೋಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿ, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ: "ತಪ್ಪಾಯ್ತು ಕಣಣ್ಣ... ಆಕಿದ್ದು ನಾನು."