ಹಾರ ಬೀಳುವ ಮುನ್ನ

ಈ ಸಲದ ಪ್ರವಾಸಕ್ಕೆಂದು ಸೂಟ್‌ಕೇಸ್ ಕೆಳಗಿಳಿಸಿದಾಗ ಅದರ ಬದಿಯ ಜೇಬಿನಲ್ಲಿ ಒಂದು ಕರಿ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಹೆಬ್ಬೆರಳಿಗಿಂತ ತುಸು ದಪ್ಪ, ಬೂದು ಬಣ್ಣದ ಮುಚ್ಚಳ. ಪರದೇಶದಲ್ಲಿ ಹೊಟ್ಟೆ ಕೆಟ್ಟರೆ ಇರಲಿ ಎಂದು ನನ್ನ ಹೆಂಡತಿ ಯಾವುದೋ ವರ್ಷ ಅದರಲ್ಲಿ ಅಜವಾನದ ಕಾಳು ತುಂಬಿಟ್ಟಿದ್ದಳು. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಮೊದಲು ಅಜವಾನದ ಘಾಟು. ಅದು ಸರಿದ ಮೇಲೆ ತಳದಿಂದ ಇನ್ನೊಂದು ವಾಸನೆ, ಹುಳಿಹುಳಿ, ಔಷಧದಂಥದು... ಫಿಲ್ಮ್ ರೋಲಿನದು. ಮಂಚದ ಮೇಲೆ ಕೂತುಬಿಟ್ಟೆ. ಈಚೆಗೆ ಕೂತುಬಿಡಲು ನನಗೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ.

ಅಣ್ಣಿಗೇರಿಯಲ್ಲಿ ನನ್ನದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಇಂಥ ಅಂಗಡಿಯವನು ಹೊರದೇಶ ನೋಡುವುದಕ್ಕೆ ಇರುವುದು ಒಂದೇ ದಾರಿ. ಮೆಣಸಿನ ಗಿಡಕ್ಕೆ ಹೊಡೆಯುವ ಔಷಧವನ್ನು ಕಂಪನಿ ಹೇಳಿದಷ್ಟು ಮಾರಬೇಕು. ಮಾರಿದರೆ ಕಂಪನಿಯವರು ಸುತ್ತಲಿನ ತಾಲ್ಲೂಕುಗಳ ಡೀಲರುಗಳಿಗೆಲ್ಲ ಒಂದೇ ಬಣ್ಣದ ಟೋಪಿ ತೊಡಿಸಿ ಬ್ಯಾಂಕಾಕಿಗೋ ಹನೋಯ್‌ಗೋ ಕರೆದೊಯ್ಯುತ್ತಾರೆ. ಹೀಗೆ ನಾನು ಜಗತ್ತು ಕಂಡವನು, ಮೆಣಸಿನಕಾಯಿಯ ಹುಳುಗಳ ಕೃಪೆಯಿಂದ. ಉಳಿದ ಡೀಲರುಗಳು ಮೊಬೈಲಿನಲ್ಲಿ ಕಡಲತೀರ ತುಂಬಿಕೊಂಡು ಬರುತ್ತಿದ್ದರು. ನಾನು ಮಾತ್ರ ಕಪ್ಪು-ಬಿಳುಪು ಫಿಲ್ಮಿನಲ್ಲಿ, ಗೋಡೆಗೆ ಆನಿಕೊಂಡು ಕೂತ ಮುದುಕರನ್ನು ತುಂಬಿಕೊಂಡು ಬರುತ್ತಿದ್ದೆ. ಅದಕ್ಕೆ ಕಾರಣ ನನ್ನ ಬಾಜೂ ಅಂಗಡಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಕಾಕಾ.

ಅವರು ನನಗೆ ಸಂಬಂಧಿಯಲ್ಲ, ಇಡೀ ಬಜಾರಕ್ಕೇ ಕಾಕಾ. ನಮ್ಮ ಮನೆತನಗಳಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ ಮೇಲೆ ಎಡಬಲಕ್ಕೆ ಮನೆಮಂದಿ ಕೂತು ಒಂದು ಫೋಟೋ ತೆಗೆಸುತ್ತಾರೆ. ನಮ್ಮೂರಲ್ಲಿ ಬಹಳ ವರ್ಷ ಆ ಫೋಟೋ ತೆಗೆದವರು ಕಾಕಾ. ಬಣ್ಣದ ಕಾಲ ಬಂದಾಗ ಮದುವೆ, ಕುಬಸ, ಗೃಹಪ್ರವೇಶಗಳೆಲ್ಲ ಬೇರೆ ಸ್ಟುಡಿಯೋಗಳ ಪಾಲಾದವು. ಕಾಕಾನ ಹಳೇ ಕ್ಯಾಮೆರಾಕ್ಕೆ ಉಳಿದದ್ದು ಸಾವು ಒಂದೇ. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಬಾಗಿಲಿನಿಂದ ಬರುವ ಬೆಳಕೇ ಅವರಿಗೆ ಸಾಕು, ಫ್ಲಾಶ್ ಬಳಸುತ್ತಿರಲಿಲ್ಲ. ಹಾಗಾಗಿ ಶಟರ್ ತುಸು ಹೊತ್ತು ತೆರೆದಿರುತ್ತಿತ್ತು. ಅಷ್ಟು ಹೊತ್ತು ಬದುಕಿದ್ದವರು ಅಲುಗಬಾರದು. ಅಳುವವರಿಗೆ ಕಾಕಾ ಮೆಲ್ಲಗೆ ಹೇಳುತ್ತಿದ್ದರಂತೆ: "ಒಂದೀಟು ಅವರಂಗ ಕುಂಡ್ರರಿ."

ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಕಾಕಾಗೆ ಆಗಲೇ ಉಬ್ಬಸ ಶುರುವಾಗಿತ್ತು.

"ಲೇ ತಮ್ಮಾ, ನನ್ನ ಫೋಟೋ ನೀ ತಗೀಬೇಕು ನೋಡು," ಎಂದರು.

"ತಗಿಯೂಣಂತ್ರಿ, ಮೊಬೈಲ್ ಇಲ್ಲೇ ಐತಿ."

"ಈಗಲ್ಲೋ ಹುಚ್ಚಾ. ನನ್ನ ಕುಂಡ್ರಿಸಿದಾಗ."

ನಾನು ಚಹಾದ ಬಸಿ ಕೆಳಗಿಟ್ಟೆ. "ನಿಮ್ಮ ಅಳಿಯ ಅದಾನಲ್ರಿ ಕಾಕಾ. ಅಂವಂದು ದಿನಾ ಅದ ಉದ್ಯೋಗ."

"ಅಂವಾ ಡ್ರೋನ್ ಹಾರಸ್ತಾನ. ನಾ ಕೆಳಗಿಂದ ಮ್ಯಾಲ ಹೊಂಟಿರ್ತೀನಿ, ಅಂವಾ ಮ್ಯಾಲಿಂದ ಕೆಳಗ ತಗೀತಿರ್ತಾನ. ದಾರ್ಯಾಗ ಭೆಟ್ಟಿ ಆಗೂದೇನು?"

ನಕ್ಕು ಕೆಮ್ಮಿದರು. ಕೆಮ್ಮು ನಿಂತ ಮೇಲೆ ನಗಲಿಲ್ಲ. "ಬಣ್ಣದಾಗ ಸತ್ತವರು ಸತ್ತಂಗ ಕಾಣ್ತಾರಲೇ. ತುಟಿ ಒಂದು ಬಣ್ಣ, ಉಗುರು ಒಂದು ಬಣ್ಣ. ಕಪ್ಪು-ಬಿಳುಪಿನಾಗ ಎಲ್ಲಾರ ಮುಖಾನೂ ಬೂದಿ. ನಾ ನಮ್ಮ ಮಂದಿ ಜೋಡಿ ಕುಂತಂಗ ಕಾಣಬೇಕು, ಇಟ್ಟಂಗ ಅಲ್ಲ. ಮತ್ತ ಹಾರ ಬೀಳೂಕಿಂತ ಮೊದಲ ತಗೀ. ಹಾರ ಹಾಕಿದ್ರ ಮುಗೀತು, ಕೂಸಿಗೂ ಗೊತ್ತಾಗ್ತೈತಿ."

"ನಾನ ಯಾಕ್ರಿ ಕಾಕಾ?"

"ನೀ ಅಂಗಡಿ ಕೀಲಿ ಹಾಕಿ, ಓಣಿ ಮೂಲಿತನಕ ಹೋಗಿ, ಮತ್ತ ಬಂದು ಜಗ್ಗಿ ನೋಡ್ತಿ. ದಿನಾ ನೋಡ್ತೀನಿ ನಾ. ಈ ಕೆಲಸಕ್ಕ ಅಂಜೂ ಮನಷ್ಯಾನ ಬೇಕು."

ನನ್ನ ಅಂಜುಬುರುಕತನ ಒಂದು ಅರ್ಹತೆ ಎಂದು ಪರಿಗಣಿತವಾದದ್ದು ಅದೇ ಮೊದಲು, ಅದೇ ಕೊನೆ. ಒಪ್ಪಿಕೊಂಡೆ. ಒಪ್ಪಿಕೊಂಡ ಕ್ಷಣದಿಂದ ಚಿಂತೆ ಹತ್ತಿತು.

ಕಾಕಾ ತಮ್ಮ ಕ್ಯಾಮೆರಾಗಳಲ್ಲಿ ಒಂದನ್ನು ನನ್ನ ಕೈಗಿಟ್ಟು ಕಲಿಸತೊಡಗಿದರು. ಆದರೆ ಕಲಿಯುವುದಕ್ಕೆ ಎದುರಿಗೆ ಯಾರಾದರೂ ಕೂರಬೇಕಲ್ಲ. ಆ ಕ್ಯಾಮೆರಾದ ಕಸುಬು ಊರಿಗೆಲ್ಲ ಗೊತ್ತು. ಮನೆಯಲ್ಲಿ ಹೆಂಡತಿಯ ಕಡೆ ತಿರುಗಿಸಿದೆ. "ಅದನ್ನ ನನ್ನ ಕಡೆ ಹಿಡದೀರಂದ್ರ ನೋಡ್ರಿ ಮತ್ತ! ನಾ ಇನ್ನೂ ಗಟ್ಟಿ ಅದೀನಿ," ಎಂದು ಲಟ್ಟಣಿಗೆ ಎತ್ತಿದಳು. ಹತ್ತಿ ಬೀಜ ಕೇಳಲು ಬಂದಿದ್ದ ಶಲವಡಿಯ ರೈತರೊಬ್ಬರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, "ಬೀಜ ನಾಳೆ ಒಯ್ತೀನ್ರಿ ಸಾವ್ಕಾರ್ರ," ಎಂದು ಮೆಟ್ಟಿಲಿಳಿದೇಬಿಟ್ಟರು. ನಾಳೆ ಬರಲೂ ಇಲ್ಲ.

"ಕಂಪನಿ ನಿನ್ನ ಹೊರದೇಶಕ್ಕ ಒಯ್ತೈತಲ್ಲ," ಎಂದರು ಕಾಕಾ. "ಅಲ್ಲಿ ಯಾರಿಗೆ ಗೊತ್ತೈತಿ ಇದು ಯಾತರ ಕ್ಯಾಮೆರಾ ಅಂತ? ಹೋಗಿ ಅಲ್ಲೇ ಕಲ್ತು ಬಾ."

ಹೀಗೆ, ಒಬ್ಬರ ಸಾವಿನ ಫೋಟೋ ತೆಗೆಯುವುದನ್ನು ಕಲಿಯಲು ನಾನು ಬ್ಯಾಂಕಾಕಿಗೆ ಹೋದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ರೋಲುಗಳನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಬೇಡಿ, ಫಿಲ್ಮ್ ಮಸುಕಾಗುತ್ತದೆ, ಕೈಯಲ್ಲೇ ನೋಡಿ ಕೊಡಿ ಎಂದು ಬೇಡಿಕೊಂಡೆ. ಅಧಿಕಾರಿ ಡಬ್ಬಿಯನ್ನು ಕಿವಿಯ ಬಳಿ ಅಲುಗಾಡಿಸಿದ. ನನ್ನ ಹಿಂದೆ ನಿಂತಿದ್ದ ನವಲಗುಂದದ ಡೀಲರ್‌ಗೆ ತಡೆಯಲಾಗಲಿಲ್ಲ. "ಸರ್, ಅವರ ಗುಳಿಗಿ ಡಬ್ಬಿ ಅವು. ಅಂಜಿಕಿಗೆ ತಗೋತಾರ. ಬಿಡ್ರಿ." ಅಲ್ಲಿ ಹೋದ ಮೇಲೂ ಅವನದು ಅದೇ ಮಾತು. "ಎಲ್ಲಾರೂ ಬೀಚಿಗೆ ಹೊಂಟಾರ, ಇಂವಾ ಮುದುಕ್ಯಾರ ಹಿಂದ ಹೊಂಟಾನ ನೋಡ್ರಲೇ!"

ವಾಪಸು ಬಂದ ಮೇಲೆ ಕಾಕಾ ಕತ್ತಲ ಖೋಲಿಯಲ್ಲಿ ರೋಲ್ ತೊಳೆದು, ಒಣಗಿದ ನೆಗೆಟಿವನ್ನು ಬಾಗಿಲ ಬೆಳಕಿಗೆ ಹಿಡಿದರು. ಒಂದೊಂದೇ ಚೌಕ ಸರಿಸಿ ನೋಡಿದರು. "ಗ್ವಾಡಿ ಛಲೋ ಬಂದಾವ," ಎಂದರು ಕಡೆಗೆ. "ಈ ಮುದುಕಿ ಗ್ವಾಡಿ ಮುಂದ ಅದಾಳೋ, ಗ್ವಾಡ್ಯಾಗ ಅದಾಳೋ?"

ಮುಂದಿನ ವರ್ಷ ಹನೋಯ್. ಸಂದಿಯೊಂದರಲ್ಲಿ ಒಬ್ಬ ವೃದ್ಧರು ಗೋಡೆಗೆ ಆನಿಕೊಂಡು, ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಕ್ಯಾಮೆರಾ ತೋರಿಸಿ ತಲೆಯಾಡಿಸಿ ಕೇಳಿದೆ. ಅವರು ಲೋಟ ಕೆಳಗಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತರು. ಆ ಕ್ಯಾಮೆರಾದ ಮುಂದೆ ಒಬ್ಬ ಮನುಷ್ಯ ತಾನಾಗಿ, ಸಂತೋಷದಿಂದ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಬೆಳಕು ನೋಡಿ, ಮತ್ತೆ ನೋಡಿ, ಅವರ ಚಹಾ ಆರಿಹೋಗುವವರೆಗೆ ಒದ್ದಾಡಿ ತೆಗೆದೆ. ಅವರು ಎದ್ದು ಬಂದು ಕ್ಯಾಮೆರಾದ ಬೆನ್ನು ತಿರುಗಿಸಿ ತಮ್ಮ ಚಿತ್ರ ಹುಡುಕಿದರು. ಅಲ್ಲೇನಿದೆ, ಬರೀ ಕರಿ ತಗಡು. ಆಮೇಲೆ ಬರುತ್ತದೆ ಎಂದು ಕೈಸನ್ನೆ ಮಾಡಿದೆ. ಎಲ್ಲಿ ಎಂದು ಅವರೂ ಕೈಯಲ್ಲೇ ಕೇಳಿದರು. "ಅಣ್ಣಿಗೇರಿಯೊಳಗ," ಎಂದೆ. ಏನು ತಿಳಿಯಿತೋ, ನಕ್ಕು ನನಗೂ ಒಂದು ಚಹಾ ಕೊಡಿಸಿದರು. ನಾನು ಯಾತಕ್ಕಾಗಿ ಅವರನ್ನು ಕೂರಿಸಿದ್ದೆನೆಂದು ಅವರಿಗೆ ಗೊತ್ತಿರಲಿಲ್ಲ. ಆ ಚಹಾವನ್ನು ಅವರ ಮುಖ ನೋಡದೆ ಕುಡಿದೆ.

ಆ ಪ್ರಿಂಟನ್ನು ಕಾಕಾ ಮೇಜಿನ ಮೇಲಿಟ್ಟು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇಂವಗ ಹೇಳಿದ್ಯೇನು, ಯಾತಕ್ಕ ತಗೀತಿ ಅಂತ?"

"ಇಲ್ರಿ ಕಾಕಾ. ಭಾಷಾ ಎಲ್ಲಿ ಬರ್ತೈತಿ?"

"ಗೊತ್ತಿದ್ದಂಗ ಕುಂತಾನ." ಚಿತ್ರವನ್ನು ನನ್ನ ಕಡೆ ತಿರುಗಿಸಿದರು. "ನನ್ನ ಹಿಂಗ ಕುಂಡ್ರಸಲೇ."

ಅದರ ಮುಂದಿನ ವರ್ಷ ತಾಷ್ಕೆಂಟಿಗೆ ಹೊರಡುವ ಹೊತ್ತಿಗೆ ಕಾಕಾ ಹಾಸಿಗೆ ಹಿಡಿದಿದ್ದರು. ಫಿಲ್ಮೂ ತೀರುತ್ತ ಬಂದಿತ್ತು. ಹುಬ್ಬಳ್ಳಿಯಲ್ಲಿ ಸಿಗುವುದು ಯಾವಾಗಲೋ ನಿಂತಿತ್ತು, ಮುಂಬಯಿಯಿಂದ ತರಿಸುತ್ತಿದ್ದವನೂ ಕೈ ಚೆಲ್ಲಿದ್ದ. ಉಳಿದದ್ದು ಒಂದೇ ರೋಲ್. ಹೋಗುವುದು ಬಿಡಲೇ ಎಂದು ಕಾಕಾರನ್ನು ಕೇಳಿದೆ. "ಹೋಗು. ನೀ ಬರೂತನಕ ನಾ ಎಲ್ಲೂ ಹೋಗೂದಿಲ್ಲ," ಎಂದರು. ಆ ಒಂದು ರೋಲನ್ನು ಮನೆಯಲ್ಲಿ ಬಿಟ್ಟು ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಇಲಿ ಕಡಿದರೆ? ಯಾರಾದರೂ ಬಿಚ್ಚಿ ನೋಡಿದರೆ? ಜೇಬಿನಲ್ಲೇ ಇಟ್ಟುಕೊಂಡು ಹೋದೆ. ಅಲ್ಲಿ ಒಂದೂ ಚಿತ್ರ ತೆಗೆಯಲಿಲ್ಲ. ಬೆಳಗಾದರೆ ಮನೆಗೆ ಫೋನು, ಸಂಜೆಗೊಂದು ಫೋನು. ಆ ಸಲ ಯಾವ ನಿಲ್ದಾಣದ ಅಧಿಕಾರಿಯೂ ನನ್ನ ಬೇಡಿಕೆ ಕೇಳಲಿಲ್ಲ. ಹೋಗುವಾಗಲೂ ಬರುವಾಗಲೂ ಆ ರೋಲ್ ಯಂತ್ರದ ಹೊಟ್ಟೆಯೊಳಗೆ ಹೋಗಿ ಹೋಗಿ ಬಂತು. ಇಲಿಗೆ ಅಂಜಿ ಎಕ್ಸ್‌ರೇ ಬಾಯಿಗೆ ಕೊಟ್ಟಿದ್ದೆ.

ಕಾಕಾ ಮಾತು ಉಳಿಸಿಕೊಂಡರು, ನಾನು ಬರುವತನಕ ಇದ್ದರು. ಹೆಸರುಕಾಳು ಬಿತ್ತನೆಯ ಗದ್ದಲದಲ್ಲಿ ಅಂಗಡಿ ತುಂಬ ಮಂದಿ ಇದ್ದಾಗ ಸುದ್ದಿ ಬಂತು. ಶಟರ್ ಎಳೆದು ಹೊರಟೆ, ಕೀಲಿ ಜಗ್ಗಿ ನೋಡಿದೆನೋ ಇಲ್ಲವೋ ನೆನಪಿಲ್ಲ.

ಪಡಸಾಲೆಯಲ್ಲಿ ಆಗಲೇ ಕೂರಿಸಿದ್ದರು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಬಾಜೂಕ್ಕೆ ಅವರ ಹೆಂಡತಿ ಕಾಕಿ, ಆಚೆ ಮಗಳು, ಅಳಿಯ, ಒಂದಿಷ್ಟು ಹತ್ತಿರದ ನೆಂಟರು. ಎಲ್ಲರ ಹಣೆಗೂ ವಿಭೂತಿ. ನಾನು ಸ್ಟ್ಯಾಂಡ್ ಹೂಡಿ, ಆ ರೋಲ್ ಹಾಕುವಷ್ಟರಲ್ಲಿ ಹಿರಿಯರೊಬ್ಬರು ದೊಡ್ಡ ಹಾರ ಹಿಡಿದು ಒಳಗೆ ಬಂದರು.

"ಒಂದೀಟು ತಡೀರಿ ಯಣ್ಣಾರ, ಫೋಟೋ ಆಗ್ಲಿ," ಎಂದರು ಕಾಕಿ.

"ಮೊಬೈಲಿನ್ಯಾಗ ಆಗೈತೆಲ್ಲವಾ ತಂಗಿ. ಹೊತ್ತಾಗ್ತೈತಿ."

"ಇದು ಅವರ ಹೇಳಿದ್ದು. ತಡೀರಿ."

ಹಾರ ಹಿಡಿದವರು ಹಾಗೇ ನಿಂತರು. ಎಲ್ಲರೂ ನನ್ನನ್ನು ನೋಡಿದರು. ಅಲುಗಬೇಡಿ ಎಂದು ಹೇಳಬೇಕಾದ ನಾನು ಮತ್ತೆ ಬೆಳಕು ನೋಡುತ್ತಿದ್ದೆ. ಕಾಕಿಯೇ ಮಗಳ ಕೈ ಹಿಡಿದುಕೊಂಡು, "ಸುಮ್ನ ಕುಂಡ್ರರಿ ಎಲ್ಲಾರೂ," ಎಂದರು. ಕೂತರು. ಬಟನ್ ಒತ್ತಿದೆ. ರೋಲ್ ಮುಗಿಯುವವರೆಗೆ ಒತ್ತಿದೆ. ಆಮೇಲೆ ಹಾರ ಬಿತ್ತು.

ಕಾಕಾನ ಕತ್ತಲ ಖೋಲಿಯಲ್ಲಿ ನಾನೊಬ್ಬನೇ ತೊಳೆದೆ. ಎಕ್ಸ್‌ರೇ ತನ್ನ ಕೆಲಸ ಮಾಡಿತ್ತು. ಚಿತ್ರ ಹಾಳಾಗಿರಲಿಲ್ಲ, ಆದರೆ ಇಡೀ ನೆಗೆಟಿವಿನ ಮೇಲೆ ತೆಳ್ಳನೆಯ ಒಂದು ಮಸುಕು ಕೂತಿತ್ತು, ಬಟ್ಟೆಯಿಂದ ಸೋಸಿದ ಬೂದಿಯ ಹಾಗೆ. ಬೇರೆ ರೋಲಿಲ್ಲ, ಬೇರೆ ದಿನವೂ ಇಲ್ಲ. ಇದ್ದುದರಲ್ಲೇ ಒಂದನ್ನು ಆರಿಸಿ ದೊಡ್ಡದು ಮಾಡಿ, ಕಟ್ಟು ಹಾಕಿಸಲು ಹುಬ್ಬಳ್ಳಿಗೆ ಒಯ್ದೆ.

ಕಟ್ಟಿನ ಅಂಗಡಿಯವನು ಚಿತ್ರ ನೋಡಿದ. ಹೋದವರ ಹೆಸರನ್ನು ಕೆಳಗೆ ಬರೆದುಕೊಡುವುದು ಅವರ ವಾಡಿಕೆ. ಪೆನ್ನು ತೆಗೆದು, ಬೆರಳಿಟ್ಟು ಕೇಳಿದ: "ಈ ಅವ್ವಾರ ಹೆಸರೇನ್ರಿ?"

ಬೆರಳು ಕಾಕಿಯ ಮೇಲಿತ್ತು. ಶಟರ್ ತೆರೆದ ಹೊತ್ತಿನಲ್ಲಿ ಕಾಕಿ ಕಣ್ಣು ಮುಚ್ಚಿಕೊಂಡಿದ್ದರು. ಅವರ ಬಾಜೂಕ್ಕೆ ಕಾಕಾ, ಅರೆಗಣ್ಣು ತೆರೆದು, ಯಾರೋ ಬರುವುದನ್ನು ಕಾಯುತ್ತಿರುವವರಂತೆ ಕೂತಿದ್ದರು.

"ಏನೂ ಬರೀಬ್ಯಾಡ್ರಿ," ಎಂದೆ.

ಇದನ್ನು ಕಾಕಿಗೆ ಹೇಳಬಾರದೆಂದು ಬಸ್ಸಿನುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ. ಅವರ ಮನೆಯ ಕಟ್ಟೆ ಹತ್ತುವಾಗಲೇ ಹೇಳಿಬಿಟ್ಟೆ. ಚಿಂತೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯವನಲ್ಲ ನಾನು. ಕಾಕಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ನಕ್ಕರು. ಕಾಕಾ ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಆಗಲೇ.

"ಶಾಣ್ಯಾ ಅದಾನ ಬಿಡೋ ಅಂವಾ." ಬೆರಳನ್ನು ಕಾಕಾನ ಮೇಲಿಟ್ಟರು. "ಮತ್ತ ಇವರಿಗೇನಂದ?"

"ಏನೂ ಅನ್ಲಿಲ್ರಿ. ಮನಿ ಯಜಮಾನ್ರು ಕುಂತಾರ ಅಂತ ತಿಳಕೊಂಡ."

ನಗು ನಿಂತಿತು. ಸೆರಗಿನಿಂದ ಗಾಜು ಒರೆಸಿದರು, ಕಾಕಾನ ಮುಖವಿದ್ದ ಕಡೆ ಮತ್ತೊಮ್ಮೆ ಒರೆಸಿದರು. "ಹಂಗಾದ್ರ ಆತು. ಅವರು ಬೇಡಿದ್ದು ಅಷ್ಟ," ಎಂದರು.

ಕಾಕಿಯೂ ಹೋಗಿ ಕೆಲವು ವರ್ಷಗಳಾದವು. ಅವರು ಹೋಗುವ ಹೊತ್ತಿಗೆ ಕತ್ತಲ ಖೋಲಿಯಲ್ಲಿ ಅಳಿಯನ ಝೆರಾಕ್ಸ್ ಯಂತ್ರ ಕೂತಿತ್ತು. ಫಿಲ್ಮಿಲ್ಲ, ತೊಳೆಯುವ ಪುಡಿಯಿಲ್ಲ. ಅವರನ್ನು ಕೂರಿಸಿದ ದಿನ ನಾನು ಬರಿಗೈಯಲ್ಲಿ ಹೋಗಿ ಪಡಸಾಲೆಯ ಕಂಬದ ಹತ್ತಿರ ನಿಂತೆ. ಅಳಿಯ ಮೊಬೈಲಿನಲ್ಲಿ ತೆಗೆದ. ಅದರಲ್ಲಿ ಕಾಕಿ ಹೇಗೆ ಕಂಡರೆಂದು ನಾನು ನೋಡಲಿಲ್ಲ. ಹನ್ನೊಂದನೆಯ ದಿನ, ಗೋಡೆಗೆ ಹಾಕಲು ಅದನ್ನು ದೊಡ್ಡದು ಮಾಡಿಸುವ ಮಾತು ಬಂದಾಗ ಮಗಳು ಬೇಡವೆಂದಳು.

"ಯಾಕ? ಅವ್ವಂದು ಅದರಾಗ ಆಗೇತೆಲ್ಲ," ಎಂದು ಗೋಡೆಯ ಮೇಲಿದ್ದ ಕಾಕಾನ ಕಟ್ಟು ತೋರಿಸಿದಳು.

ಒಂದೇ ಹಾರವನ್ನು ಆ ಕಟ್ಟಿನ ಮೇಲೆ ಇಬ್ಬರಿಗೂ ಸೇರುವಂತೆ ಹಾಕಿದರು.

ಈ ಸಲದ ಪ್ರವಾಸ ಬಾಕು ನಗರಕ್ಕಂತೆ. ಟೋಪಿಗಳು ಆಗಲೇ ಬಂದಿವೆ. ಆ ಊರಿನಲ್ಲೂ ಯಾವುದೋ ಸಂದಿಯಲ್ಲಿ ಒಬ್ಬರು ವಯಸ್ಸಾದವರು ಗೋಡೆಗೆ ಆನಿಕೊಂಡು ಕೂತಿರುತ್ತಾರೆ, ಹಳೇ ಚಾಳಿಗೆ ನಾನು ನಿಲ್ಲುತ್ತೇನೆ, ಬೆಳಕು ಯಾವ ಕಡೆಯದು ಎಂದು ನೋಡುತ್ತೇನೆ. ಅಷ್ಟರಲ್ಲಿ ನಮ್ಮವರು ಮುಂದೆ ಹೋಗಿಬಿಟ್ಟಿರುತ್ತಾರೆ, ನಾನು ಓಡಬೇಕಾಗುತ್ತದೆ, ಮೊಣಕಾಲು ನೋಯುತ್ತದೆ. ಮೊಬೈಲಿನಲ್ಲಿ ತೆಗೆದುಕೊಳ್ಳಬಹುದು, ಯಾರೂ ಬೇಡ ಅನ್ನುವುದಿಲ್ಲ. ತಂದು ಯಾರಿಗೆ ತೋರಿಸಲಿ...